ಗುಡುಗಿದ ಗುಂಡಿಗೆ, ನಾಲ್ಕನೇ ಬರಹ

ನಮ್ಮೂರಿಗೆ ಬರುವ ಸಿನಿಮಾಗಳಿಗೆ ಹೆಸರಿರುತ್ತಿರಲಿಲ್ಲ. ಶನಿವಾರ ಬೆಳಗಿನ ಬಸ್ಸಿನ ಟಾಪಿನಿಂದ ತಗಡಿನ ಡಬ್ಬಗಳು ಇಳಿಯುತ್ತಿದ್ದವು. ಹೊಳೆಯ ಆಚೆ ದಡದವರೆಗೂ ಅವುಗಳ ಮೇಲೆ ಹೆಸರು ಇದ್ದೇ ಇತ್ತೆಂದು ಕಂಡಕ್ಟರ್ ಆಣೆ ಮಾಡಿ ಹೇಳುತ್ತಿದ್ದ. ಸೇತುವೆ ದಾಟಿ ಈಚೆ ಬರುವಷ್ಟರಲ್ಲಿ ಡಬ್ಬದ ಮೇಲಿನ ಬರಹವೂ ಇಲ್ಲ, ರೀಲಿನೊಳಗಿನ ಹೆಸರೂ ಇಲ್ಲ. ಹಾಗೇ ಓಡಿಸಿದರೆ ಪರದೆಯ ಮೇಲೆ ಯಾರೋ ಇಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತ ಸುಮ್ಮನೆ ನಿಂತಿರುತ್ತಿದ್ದರು. ಏನು ಮಾಡಬೇಕೆಂದು ಅವರಿಗೂ ತಿಳಿಯದು, ನೋಡುವವರಿಗೂ ತಿಳಿಯದು. ಆದ್ದರಿಂದ ಊರಿಗೊಬ್ಬ ಹೆಸರು ಬರೆಯುವವನು ಬೇಕಾಗಿತ್ತು. ಮೂವತ್ತೊಂದು ವರ್ಷ ಆ ಕೆಲಸ ಮಾಡಿದವನು ನಾನು.

ಕೆಲಸ ಹೇಳಲು ಸುಲಭ. ಅಂಗೈ ಅಗಲದ ಗಾಜಿನ ತುಂಡು, ನಾಲ್ಕು ಕುಂಚ, ಆರು ಬಣ್ಣ. ಗಾಜಿನ ಮೇಲೆ ಬರೆದದ್ದು ಸಿನಿಮಾ ಶುರುವಾಗುವ ಮೊದಲು ಪರದೆಯ ಮೇಲೆ ಬೀಳುತ್ತಿತ್ತು. ಅಕ್ಷರ ಹೇಗಿರುತ್ತದೋ ಸಿನಿಮಾ ಹಾಗೆ ಓಡುತ್ತಿತ್ತು. ಏನು ಬರೆದಿದೆ ಎನ್ನುವುದು ಮುಖ್ಯವೇ ಅಲ್ಲ. ನನಗೆ ವಿದ್ಯೆ ಕಲಿಸಿದ ನಾಗಲಿಂಗಾಚಾರ್ರು ಒಮ್ಮೆ ಬೇಕೆಂದೇ 'ಉಪ್ಪಿನಕಾಯಿ' ಎಂದು ಬರೆದು ಇಡೀ ಊರನ್ನು ಹೆದರಿಸಿ ಮನೆಗೆ ಕಳಿಸಿದ್ದರು. ಪ್ರತಿ ಅಕ್ಷರದ ಬುಡದಿಂದ ಕಪ್ಪು ಬಣ್ಣ ತೊಟ್ಟಿಕ್ಕುವ ಹಾಗೆ ಬರೆದಿದ್ದರು, ಅಷ್ಟೇ. ಆಮೇಲೆ ಒಂದು ವಾರ ನಮ್ಮೂರ ಹೆಂಗಸರು ಜಾಡಿಯ ಮುಚ್ಚಳ ತೆಗೆಯಲು ಹಿಂದೆಮುಂದೆ ನೋಡಿದರು.

ಪ್ರೇಮದ ಕಥೆ ಬೇಕೆಂದರೆ ಅಕ್ಷರಗಳು ಬಲಕ್ಕೆ ವಾಲಬೇಕು, ತಲೆಕಟ್ಟಿನ ತುದಿ ಬಳ್ಳಿಯ ಹಾಗೆ ಸುತ್ತಿಕೊಳ್ಳಬೇಕು, ಗುಲಾಬಿ ಬಣ್ಣ ಅಂಚಿಗೆ ಬಂದು ಮಸುಕಾಗಬೇಕು. ಹೊಡೆದಾಟಕ್ಕೆ ಕಲ್ಲಿನಲ್ಲಿ ಕಡೆದಂಥ ದಪ್ಪ ಅಕ್ಷರ, ನಡುವೆ ಒಂದು ಬಿರುಕು, ಕೊಂಬಿನ ತುದಿಗೆ ಬೆಂಕಿ. ಭಕ್ತಿಗೆ ಚಿನ್ನದ ಬಣ್ಣ, ಹಿಂದೆ ಕಿರಣ. ನಗೆಯ ಚಿತ್ರಕ್ಕೆ ಅಕ್ಷರಗಳಿಗೆ ಡೊಳ್ಳುಹೊಟ್ಟೆ ಬರೆದು ಒಂದನ್ನು ಮೇಲೆ, ಒಂದನ್ನು ಕೆಳಗೆ ಕೂರಿಸಬೇಕು, ಕೊನೆಯದು ಇನ್ನೇನು ಬಿತ್ತು ಅನ್ನುವ ಹಾಗಿರಬೇಕು. ಪತ್ತೇದಾರಿಗೆ ಸೊನ್ನೆಯೊಳಗೆ ಗುಂಡು ತೂರಿದ ತೂತು. ಅಳಿಸುವ ಸಂಸಾರದ ಚಿತ್ರಕ್ಕೆ ಮಾತ್ರ ನಾಗಲಿಂಗಾಚಾರ್ರು ತಮ್ಮ ಅತಿ ಸಣ್ಣ ಕುಂಚ ಕೊಡುತ್ತಿದ್ದರು. ಅಕ್ಷರ ಬಡವಾಗಿರಬೇಕು, ಜ್ವರದಿಂದ ಎದ್ದು ಬಂದ ಹಾಗಿರಬೇಕು ಎನ್ನುತ್ತಿದ್ದರು.

ಊರಿನವರು ಇದಕ್ಕೆ ಎಷ್ಟು ಒಗ್ಗಿಕೊಂಡಿದ್ದರೆಂದರೆ ಯಾವ ಸಿನಿಮಾ ಬಂದಿದೆ ಎಂದು ಯಾರೂ ಕೇಳುತ್ತಿರಲಿಲ್ಲ. "ಈ ವಾರ ಅಕ್ಷರ ಹೆಂಗವೆ?" ಎಂದು ಕೇಳುತ್ತಿದ್ದರು. ಬೆಂಕಿಯ ಅಕ್ಷರ ಬಿದ್ದ ಕೂಡಲೇ ಅಜ್ಜಿಯರು ಸೆರಗು ಕೊಡವಿಕೊಂಡು ಎದ್ದು ಹೋಗುತ್ತಿದ್ದರು. ಬಡಕಲು ಅಕ್ಷರ ಬಿದ್ದರೆ ಅವರೇ ಕೆಳಗೆ ಹಾಸಿದ ಮಂದಲಿಗೆ ಚಾಪೆ ಸರಿಮಾಡಿಕೊಂಡು ಕೂರುತ್ತಿದ್ದರು. ಪರೀಕ್ಷೆಯ ತಿಂಗಳಲ್ಲಿ ಹೆಡ್ಮಾಸ್ಟರು ಸ್ವತಃ ಬಂದು ಭಕ್ತಿಯ ಅಕ್ಷರವನ್ನೇ ಬರೆಯಬೇಕೆಂದು ಕೈ ಮುಗಿಯುತ್ತಿದ್ದರು. ಹೆಣ್ಣು ನೋಡಲು ಗಂಡಿನ ಕಡೆಯವರು ಬರುವ ದಿನ ಹುಡುಗಿಯ ತಂದೆ ನಮ್ಮ ಮನೆ ಬಾಗಿಲಿಗೆ ಬಂದು, ಇವತ್ತೊಂದು ದಿನ ಗುಲಾಬಿ ಬಣ್ಣ ನೋಡಿಕೊಳ್ಳಿ ಎಂದು ಹೇಳಿ ಹೋಗುತ್ತಿದ್ದ. ನನಗೂ ಸ್ವಲ್ಪ ಕೊಬ್ಬು ಬಂದಿತ್ತು, ಸುಳ್ಳೇಕೆ ಹೇಳಲಿ. ರಸ್ತೆಯಲ್ಲಿ ಹೋಗುವಾಗ ಕೈಗೆ ಅಂಟಿದ ಬಣ್ಣವನ್ನು ಬೇಕೆಂದೇ ತೊಳೆಯದೆ ಹೋಗುತ್ತಿದ್ದೆ.

ತಪ್ಪುಗಳೂ ಆಗಿವೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಚಿನ್ನದ ಅಕ್ಷರದ ಮೇಲೆ ಕುಂಚದಿಂದ ಒಂದು ತೊಟ್ಟು ಕೆಂಪು ಬಿತ್ತು. ಒರೆಸಿದೆ, ಆದರೆ ಸರಿಯಾಗಿ ಹೋಗಿರಲಿಲ್ಲ. ಇಂಟರ್ವಲ್ ಆದಮೇಲೆ, ವರ ಕೊಡಬೇಕಾಗಿದ್ದ ಮುನಿಗಳು ಕಣ್ಣು ಕೆಂಪಗೆ ಮಾಡಿಕೊಂಡು, ಎದುರಿಗೆ ಕೂತಿದ್ದ ಭಕ್ತನ ಕತ್ತಿಗೇ ಬಾಯಿ ಹಾಕಿಬಿಟ್ಟರು. ನಾಗಲಿಂಗಾಚಾರ್ರು ಬೈಯಲಿಲ್ಲ. ಮೂರು ತಿಂಗಳು ಬರೀ ತಲೆಕಟ್ಟು ಎಳೆಸಿದರು. ಅವರು ತೀರಿಹೋದ ಮೇಲೆ ಕುಂಚಗಳೆಲ್ಲ ನನ್ನ ಪಾಲಿಗೆ ಬಂದವು, ಟಾಕೀಸಿನ ಯಜಮಾನರಾದ ಇನಾಯತ್ ಸಾಹೇಬರು ನನ್ನನ್ನೂ "ಆಚಾರ್ರೇ" ಎಂದು ಕರೆಯತೊಡಗಿದರು.

ಟಾಕೀಸಿನ ಸೈಕಲ್ ಸ್ಟ್ಯಾಂಡನ್ನು ನೋಡಿಕೊಳ್ಳುತ್ತಿದ್ದವರು ಚೆನ್ನಾಜಮ್ಮ. ಅದರ ಪಕ್ಕದಲ್ಲೇ, ಕಾಂಪೌಂಡು ಗೋಡೆಗೆ ತಗುಲಿಸಿದ ತಗಡಿನ ಕೆಳಗೆ ಆಕೆಯ ಗಂಡ ಗುರುಮಲ್ಲಪ್ಪನ ಪಂಚರ್ ಅಂಗಡಿ. ಆಕೆ ಟಾಕೀಸಿನ ಹಾಲಿನೊಳಗೆ ಕಾಲಿಟ್ಟವರೇ ಅಲ್ಲ. ಒಳಗೆ ಹೋದರೆ ಸೈಕಲ್ ನೋಡುವವರು ಯಾರು? ಹೊರಗೆ ಕೂತು ಕಿವಿಯಲ್ಲೇ ಎಲ್ಲ ಸಿನಿಮಾ ನೋಡುತ್ತಿದ್ದರು. ನಾನು ಹೊರಗೆ ಬಂದಾಗ, ಇವತ್ತು ಅಳು ಸ್ವಲ್ಪ ಜಾಸ್ತಿಯಾಯಿತು, ಕುಂಚ ಇನ್ನೂ ಸ್ವಲ್ಪ ದಪ್ಪ ಇಟ್ಟಿದ್ದರೆ ಸರಿಹೋಗುತ್ತಿತ್ತು ಎಂದು ನನಗೇ ಹೇಳಿಕೊಡುತ್ತಿದ್ದರು. ನನಗೆ ಒಳಗೊಳಗೇ ಉರಿಯುತ್ತಿತ್ತು, ಏಕೆಂದರೆ ಆಕೆ ಹೇಳಿದ್ದು ಬಹಳ ಸಲ ಸರಿಯಾಗಿಯೇ ಇರುತ್ತಿತ್ತು.

ಒಂದು ಬೇಸಿಗೆಯಲ್ಲಿ ಹೊಳೆಯಾಚೆ ಯಾರೋ ಸಿನಿಮಾ ತೆಗೆಯಲು ಬಂದಿಳಿದರು. ಅವರಿಗೆ ಸೈಕಲ್ ಗೊತ್ತಿರುವವನೊಬ್ಬ ಬೇಕಾಗಿ ಗುರುಮಲ್ಲಪ್ಪನಿಗೆ ಹೇಳಿಕಳಿಸಿದರು. ಪಂಪು, ಸೊಲ್ಯೂಷನ್ ಟ್ಯೂಬು, ಪಾನಾ ಎಲ್ಲ ಹೊತ್ತುಕೊಂಡು ಹೋದವನು ಹದಿಮೂರು ದಿನ ಬಿಟ್ಟು ಬಂದ. ತನ್ನನ್ನೂ ಸಿನಿಮಾದಲ್ಲಿ ಹಾಕಿಕೊಂಡರು ಎಂದ. ಏನು ಪಾರ್ಟು ಎಂದರೆ ಬಂದಾಗ ನೋಡುವಿರಂತೆ ಎಂದು ನಕ್ಕು ಸುಮ್ಮನಾಗುತ್ತಿದ್ದ. ಆ ಸಿನಿಮಾ ಬರಲೇ ಇಲ್ಲ. ತೆಗೆಯುವವರು ತಮ್ಮತಮ್ಮಲ್ಲೇ ಜಗಳವಾಡಿಕೊಂಡರು, ನಡುವೆ ನಿಂತುಹೋಯಿತು ಎಂದು ಸುದ್ದಿ ಬಂತು. ಮೂರನೇ ವರ್ಷ ಗುರುಮಲ್ಲಪ್ಪನಿಗೆ ಕಾಮಾಲೆಯಾಗಿ, ಹದಿನೆಂಟು ದಿನ ಮಲಗಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಮದುವೆಯಲ್ಲಿ ತೆಗೆಸಿದ್ದ ಒಂದೇ ಒಂದು ಫೋಟೋವನ್ನು ಗೋಡೆಯ ತೇವ ತಿಂದು, ಅವನ ಮುಖವಿದ್ದ ಕಡೆ ಹಳದಿ ಕಲೆ ಮಾತ್ರ ಉಳಿದಿತ್ತು.

ಅವನು ಹೋಗಿ ಆರು ವರ್ಷವಾದ ಮೇಲೆ ಒಂದು ಶನಿವಾರ ಆ ಸಿನಿಮಾ ಬಂತು. ಡಬ್ಬದ ಮೇಲೆ ಹೆಸರಿಲ್ಲವಾದ್ದರಿಂದ ನಮಗೆ ಗೊತ್ತಾಗಲಿಲ್ಲ. ಅದು ಹಬ್ಬದ ವಾರ. ಸಾಹೇಬರು ಒಳ್ಳೆ ಹೊಡೆದಾಟ ಬೇಕೆಂದು ಹೇಳಿ 'ಗುಡುಗಿದ ಗುಂಡಿಗೆ' ಎಂದು ತಾವೇ ಒಂದು ಹೆಸರು ಕಟ್ಟಿಕೊಟ್ಟರು. ನಾನೂ ಉತ್ಸಾಹದಿಂದ ಬರೆದೆ. ಮೂರು ಕೊಂಬಿಗೂ ಬೆಂಕಿ, ನಟ್ಟನಡುವೆ ಸಿಡಿಲು ಹೊಡೆದ ಬಿರುಕು, ಕೆಳಗೆ ಹೊಗೆ. ಮ್ಯಾಟಿನಿಯಲ್ಲಿ ಅಕ್ಷರ ಬಿದ್ದಾಗ ಬಿದ್ದ ಶಿಳ್ಳೆ ನನ್ನ ಬದುಕಿನಲ್ಲೇ ದೊಡ್ಡದು. ಸಿನಿಮಾ ಶುರುವಾಗಿ ಐದು ನಿಮಿಷಕ್ಕೆ ಪರದೆಯ ಮೇಲೆ ಒಂದು ಸೈಕಲ್ ಅಂಗಡಿ, ಅದರ ಮುಂದೆ ಗುರುಮಲ್ಲಪ್ಪ. ಯಾರೋ ಓಡಿಹೋಗಿ ಚೆನ್ನಾಜಮ್ಮನನ್ನು ಕರೆತಂದರು. ಆಕೆ ಬಾಗಿಲ ಪರದೆ ಸರಿಸಿ ಒಳಗೆ ಬಂದು ನಿಲ್ಲುವುದಕ್ಕೂ, ಖಳನಾಯಕನ ಜೀಪು ಅಂಗಡಿಯ ಮೇಲೆ ನುಗ್ಗುವುದಕ್ಕೂ ಸರಿಹೋಯಿತು. ಗುರುಮಲ್ಲಪ್ಪ ಹಲ್ಲು ಕಚ್ಚಿ, ಕಣ್ಣು ಕೆಂಡ ಮಾಡಿಕೊಂಡು, ಪಾನಾ ಎತ್ತಿ ಜೀಪಿಗೆ ಎದುರು ನಿಂತು ಸತ್ತ.

ಚೆನ್ನಾಜಮ್ಮ ಹೊರಗೆ ಹೋಗಿ ತಮ್ಮ ಸ್ಟೂಲಿನ ಮೇಲೆ ಕೂತರು. ನಾನು ಹಿಂದೆಯೇ ಹೋದೆ. ಸೈಕಲ್ ಬಿಡಿಸಿಕೊಳ್ಳಲು ಬಂದವನೊಬ್ಬನಿಗೆ ಅವನ ಸೈಕಲ್ ತೋರಿಸಿ ಕಳಿಸಿದ ಮೇಲೆ ಆಕೆ ನನ್ನ ಕಡೆ ತಿರುಗಿದರು.

"ಕಣ್ ಮುಚ್ಚುದ್ರೆ ಅವ್ರ ಅಂಗಿ ಕಾಣುಸ್ತದೆ ಆಚಾರ್ರೆ, ಕೈ ಕಾಣುಸ್ತವೆ. ಮುಖ ಕಾಣಕಿಲ್ಲ. ಹೋದ್ ವರ್ಸದಿಂದ ಹಿಂಗೇಯ. ಇವತ್ತು ಕಂಡಿದ್ದೂ ಅವ್ರ ಮುಖ ಅಲ್ಲ. ಅವ್ರು ಒಂದಿನ ಹಂಗೆ ಹಲ್ಲು ಕಚ್ದೋರಲ್ಲ." ಆಮೇಲೆ, "ಡಬ್ಬ ಯಾವತ್ತು ಹೋಯ್ತದೆ?" ಎಂದು ಕೇಳಿದರು.

ಶುಕ್ರವಾರ ಬೆಳಗಿನ ಬಸ್ಸಿಗೆ ಎಂದೆ. ಆ ಮುಖವನ್ನು ಪರದೆಗೆ ತರಲು ನನ್ನ ಕೈಯಲ್ಲಿ ಇರುವುದು ನಾಲ್ಕೋ ಐದೋ ದಿನ ಎಂದು ಇಬ್ಬರಿಗೂ ಗೊತ್ತಾಯಿತು. ಹೋದ ಸಿನಿಮಾ ಮತ್ತೆ ನಮ್ಮೂರಿಗೆ ಬಂದದ್ದಿಲ್ಲ.

ನಮ್ಮಲ್ಲಿ ಒಂದು ಸಿನಿಮಾಕ್ಕೆ ಒಂದೇ ಅಕ್ಷರ ಎನ್ನುವುದು ಪದ್ಧತಿ. ನಡುವಾರದಲ್ಲಿ ಅಕ್ಷರ ಬದಲಿಸಿದರೆ, ಭಾನುವಾರ ಸತ್ತವನು ಮಂಗಳವಾರ ಮದುವೆಯಾಗುತ್ತಾನೆ, ನೋಡಿದವರು ಹೊಟೇಲಿನಲ್ಲಿ ಕೂತು ಜಗಳವಾಡುತ್ತಾರೆ. ಅಕ್ಷರ ಬದಲಿಸುತ್ತೇನೆ ಎಂದು ಕೇಳಿದಾಗ ಇನಾಯತ್ ಸಾಹೇಬರು ಮೊದಲು ಒಪ್ಪಲಿಲ್ಲ. ಹಾಗೆ ಮಾಡುವುದು ಅನ್ನ ತಿನ್ನುವ ತಟ್ಟೆಗೆ ಕಾಲಿಟ್ಟ ಹಾಗೆ ಎಂದರು. ಆಮೇಲೆ ಹೊರಗೆ ಬಂದು ಖಾಲಿ ಬಿದ್ದಿದ್ದ ತಗಡಿನ ಚಪ್ಪರ ನೋಡುತ್ತ ನಿಂತರು. ಅವರ ಹಳೇ ಸೈಕಲ್ಲಿನ ಚೈನು ಕಳಚಿದಾಗಲೆಲ್ಲ ಗುರುಮಲ್ಲಪ್ಪನೇ ಏರಿಸಿಕೊಡುತ್ತಿದ್ದ. ಹಬ್ಬ ಮುಗಿಯಲಿ, ಮಂಗಳವಾರದಿಂದ ಮ್ಯಾಟಿನಿ ಮಾತ್ರ ನಿಮ್ಮದು, ಗುರುವಾರದವರೆಗೆ ಏನಾದರೂ ಮಾಡಿಕೊಳ್ಳಿ ಎಂದರು.

ಸಾಯುವುದು ತಾನೇ ತಪ್ಪಬೇಕು, ಅದೇನು ದೊಡ್ಡ ಕೆಲಸ ಎಂದುಕೊಂಡೆ ನಾನು. ಮಂಗಳವಾರ ಇನ್ನೊಂದು ಗಾಜನ್ನು ಸೀಮೆಎಣ್ಣೆಯಲ್ಲಿ ತೊಳೆದು ಅದೇ ಗುಡುಗಿದ ಗುಂಡಿಗೆಯನ್ನು ಡೊಳ್ಳುಹೊಟ್ಟೆಯ ಅಕ್ಷರದಲ್ಲಿ ಬರೆದೆ. ಜೀಪು ಬಂತು, ಅಂಗಡಿಯ ಮುಂದೆ ಬ್ರೇಕು ಹಾಕಿ ಕೆಸರಿಗೆ ಜಾರಿತು. ಖಳನಾಯಕ ತೊಟ್ಟಿಯೊಳಗೆ ಬಿದ್ದ. ಗುರುಮಲ್ಲಪ್ಪ ಅವನನ್ನು ಎತ್ತಲು ಹೋಗಿ ತಾನೂ ಬಿದ್ದ, ಎದ್ದ, ಮತ್ತೆ ಬಿದ್ದ, ಕಣ್ಣು ಮೆಳ್ಳಗೆ ಮಾಡಿಕೊಂಡು ಬಾಯಿಂದ ನೀರು ಉಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಚೆನ್ನಾಜಮ್ಮ ಗೋಡೆಗೆ ಒರಗಿ ನಿಂತು ಕೊನೆಯವರೆಗೂ ನೋಡಿದರು. ನಾನು ಆಸೆಯಿಂದ ಮುಖ ನೋಡಿದೆ. ತಮ್ಮ ಗಂಡನನ್ನು ನೋಡಿ ಜನ ಅಷ್ಟು ನಕ್ಕದ್ದು ಆಕೆಗೆ ಹಿಡಿಸಿರಲಿಲ್ಲ. ಅವರ ಕಣ್ಣು ಮೆಳ್ಳಗಿರಲಿಲ್ಲ ಎಂದಷ್ಟೇ ಹೇಳಿದರು.

ಬುಧವಾರ ಗುಲಾಬಿ ಬಣ್ಣಕ್ಕೆ ಕೈ ಹಾಕಿದೆ. ಮೃದು ಅಕ್ಷರದಲ್ಲಿ ಮೃದು ಮುಖ ಬರುತ್ತದೆ ಎಂಬ ಲೆಕ್ಕ. ಬಂತು ಕೂಡ. ಗುರುಮಲ್ಲಪ್ಪನ ತಲೆಗೂದಲು ಎಣ್ಣೆ ಹಚ್ಚಿ ಬಾಚಿದ ಹಾಗಿತ್ತು, ಕೆನ್ನೆ ಹೊಳೆಯುತ್ತಿತ್ತು. ಆದರೆ ಹಾಲು ಮಾರುವ ಹುಡುಗಿಯೊಬ್ಬಳು ಸೈಕಲ್ ತಳ್ಳಿಕೊಂಡು ಬಂದಳು, ಇವನು ಗಾಳಿ ಹೊಡೆಯುತ್ತ ಹೊಡೆಯುತ್ತ ಅವಳನ್ನೇ ನೋಡುತ್ತ ಟೈರು ಒಡೆಯುವವರೆಗೂ ಹೊಡೆದ. ಆಮೇಲೆ ಇಬ್ಬರೂ ಸೇರಿ ಹಾಡು ಹೇಳಿದರು. ಚೆನ್ನಾಜಮ್ಮ ಹಾಡು ಅರ್ಧವಾಗುವಾಗಲೇ ಹೊರಗೆ ಹೋಗಿದ್ದರು. ನಾನು ಹೋಗಿ ನೋಡಿದರೆ ಮೂತಿ ಊದಿಸಿಕೊಂಡು ಕೂತಿದ್ದಾರೆ. ಅವಳು ಯಾರು, ಯಾವ ಊರಿನವಳು, ಆ ಹದಿಮೂರು ದಿನ ಅಲ್ಲೇ ಇದ್ದಳೇ ಎಂದು ನನ್ನನ್ನು ಕೇಳಿದರು. ಅದು ಅಕ್ಷರದಿಂದ ಆದದ್ದು, ಅವನು ಅಂಥವನಲ್ಲ ಎಂದು ಸಮಾಧಾನ ಮಾಡಲು ನನಗೆ ಸಾಕುಸಾಕಾಯಿತು.

ಉಳಿದದ್ದು ಗುರುವಾರದ ಮ್ಯಾಟಿನಿಯೊಂದೇ. ಬಡಕಲು ಅಕ್ಷರ ಬರೆದರೆ ಮೊದಲ ರೀಲಿನಿಂದಲೇ ಕೆಮ್ಮುತ್ತಾನೆ, ಹದಿನೆಂಟು ದಿನ ಅದನ್ನೇ ನೋಡಿದ ಆಕೆಗೆ ಮತ್ತೆ ಅದನ್ನು ತೋರಿಸುವ ಧೈರ್ಯ ನನಗಿರಲಿಲ್ಲ. ಚಿನ್ನದ ಅಕ್ಷರ ಬರೆದರೆ ತಲೆಯ ಹಿಂದೆ ಬೆಳಕಿನ ಚಕ್ರ ಇಟ್ಟುಕೊಂಡು ಬರುತ್ತಾನೆ. ಪತ್ತೇದಾರಿಯಲ್ಲಿ ಕಪ್ಪು ಕನ್ನಡಕ. ನನಗೆ ಗೊತ್ತಿದ್ದ ವಿದ್ಯೆ ಇಷ್ಟೇ. ಅಷ್ಟು ವರ್ಷ ಮೆರೆದದ್ದಕ್ಕೆ ಆ ಬೆಳಿಗ್ಗೆ ನನಗೆ ನಿಜವಾಗಿ ನಾಚಿಕೆಯಾಯಿತು. ಗಾಜು ತೊಳೆದು ಹಾಗೇ ಇಟ್ಟು, ಚೆನ್ನಾಜಮ್ಮನ ಮನೆಗೆ ಹೋದೆ. ಆಕೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಚೆನ್ನಾಜಕ್ಕ, ಅವರು ಹೇಗಿದ್ದರು ಹೇಳಿ. ನಗುತ್ತಿದ್ದರಾ, ಸಿಡುಕುತ್ತಿದ್ದರಾ? ಅದಕ್ಕೆ ತಕ್ಕ ಹಾಗೆ ಬರೀತೀನಿ."

ಆಕೆ ಇನ್ನೂ ನಾಲ್ಕು ಕಾಯಿ ಸುಲಿದರು.

"ಹೆಂಗಿದ್ರು ಅಂದ್ರೆ ಏನ್ ಹೇಳನ ಆಚಾರ್ರೆ," ಎಂದರು ಕೊನೆಗೆ. "ಇದ್ರು."

ಮತ್ತೆ ಕೇಳಿದ್ದಕ್ಕೆ, ಬೆಳಿಗ್ಗೆ ಏಳುತ್ತಿದ್ದರು, ಅಂಗಡಿಗೆ ಹೋಗುತ್ತಿದ್ದರು, ಸಾರು ಏನು ಎಂದು ಕೇಳುತ್ತಿದ್ದರು, ಉಣ್ಣುತ್ತಿದ್ದರು ಎಂದರು. ಉಪ್ಪು ಜಾಸ್ತಿಯಾದರೂ ಹೇಳುತ್ತಿರಲಿಲ್ಲ, ಎರಡು ಲೋಟ ನೀರು ಹೆಚ್ಚು ಕುಡಿಯುತ್ತಿದ್ದರು, ಅದರಿಂದ ಗೊತ್ತಾಗುತ್ತಿತ್ತು ಎಂದರು. ಇನ್ನೇನೂ ಇರಲಿಲ್ಲ ಹೇಳುವುದಕ್ಕೆ. ನಾನು ಎದ್ದು ಬಂದೆ.

ಮನೆಗೆ ಬಂದು ಗಾಜಿನ ಮುಂದೆ ಕೂತರೆ ಕುಂಚ ತಾನಾಗಿಯೇ ತಲೆಕಟ್ಟಿಗೆ ಸುರುಳಿ ಸುತ್ತಲು ಹೋಗುತ್ತದೆ. ಒರೆಸಿದೆ. ಮತ್ತೆ ಬರೆದೆ, ಅಕ್ಷರ ತಂತಾನೇ ಒಂದು ಕಡೆ ವಾಲಿತು. ಒರೆಸಿದೆ. ಹನ್ನೊಂದು ಸಲ ಹೀಗಾಯಿತು. ಅಷ್ಟರಲ್ಲಿ ನನ್ನ ಹೆಂಡತಿ ಪೇಟೆಯಿಂದ ಏನು ತರಬೇಕೆಂದು ಒಂದು ಚೀಟಿ ಬರೆದುಕೊಡಿ ಎಂದಳು. ಅವಸರದಲ್ಲಿ ಪೆನ್ಸಿಲು ತೆಗೆದುಕೊಂಡು, ಮೆಣಸು, ಸೋಪು, ಬೆಂಕಿಪೆಟ್ಟಿಗೆ ಎಂದು ಬರೆದು ಕೊಟ್ಟೆ. ಕೊಡುವಾಗ ಆ ಚೀಟಿಯನ್ನು ನೋಡಿದೆ. ಅದು ನನ್ನದೇ ಕೈಬರಹ. ಅದನ್ನು ನಾನು ಎಷ್ಟೋ ವರ್ಷದಿಂದ ಸರಿಯಾಗಿ ನೋಡಿಯೇ ಇರಲಿಲ್ಲ. ಸ್ವಲ್ಪ ಸೊಟ್ಟ, ಒಂದು ದೊಡ್ಡದು, ಒಂದು ಚಿಕ್ಕದು, ಯಾರನ್ನೂ ಹೆದರಿಸದ, ಯಾರನ್ನೂ ನಗಿಸದ ಬರಹ. ಚೀಟಿಯನ್ನು ಅವಳ ಕೈಗೆ ಕೊಟ್ಟು ಕೂತು, ಅದೇ ಕೈಯಲ್ಲಿ, ಕಪ್ಪು ಬಣ್ಣದಲ್ಲಿ, ಒಂದೇ ಉಸಿರಿಗೆ ಗುಡುಗಿದ ಗುಂಡಿಗೆ ಎಂದು ಬರೆದುಬಿಟ್ಟೆ.

ಮ್ಯಾಟಿನಿಗೆ ಆ ಅಕ್ಷರ ಬಿದ್ದಾಗ ಜನ ಮೊದಲು ನಕ್ಕರು. ಆಚಾರ್ರಿಗೆ ವಯಸ್ಸಾಯಿತು ಎಂದು ಹಿಂದಿನಿಂದ ಒಬ್ಬ ಕೂಗಿದ. ನಾನು ತಲೆ ತಗ್ಗಿಸಿ ಕೂತೆ. ಪರದೆಯ ಮೇಲೆ ಸೈಕಲ್ ಅಂಗಡಿ ಬಂತು, ಬೆಳಗಿನ ಬಿಸಿಲು. ಗುರುಮಲ್ಲಪ್ಪ ಬಂದು ಬೀಗ ತೆಗೆದ. ನೆಲಕ್ಕೆ ನೀರು ಚಿಮುಕಿಸಿದ. ಪಂಪು ಹೊರಗಿಟ್ಟ. ಒಬ್ಬ ಬಂದು ಟ್ಯೂಬು ಕೊಟ್ಟ. ಅದಕ್ಕೆ ಗಾಳಿ ತುಂಬಿ ಬಾಣಲೆಯ ನೀರಿನಲ್ಲಿ ಇಷ್ಟಿಷ್ಟೇ ಮುಳುಗಿಸುತ್ತ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ಬಗ್ಗಿ ನೋಡುತ್ತ ಕೂತ. ಹತ್ತು ನಿಮಿಷ ಅದೇ. ಜೀಪು ಬಂತು, ಹಾಲಿನಲ್ಲಿ ಎಲ್ಲರೂ ನೆಟ್ಟಗೆ ಕೂತರು, ಜೀಪು ಹಾಗೇ ಹೋಯಿತು. ಹಾಲು ಮಾರುವ ಹುಡುಗಿ ಬಂದಳು, ಗಾಳಿ ಹಾಕಿಸಿಕೊಂಡು ಹೊರಟಳು. ಹೀರೋ ಒಮ್ಮೆ ಬಂದು ದಾರಿ ಕೇಳಿದ. ಗುರುಮಲ್ಲಪ್ಪ ಕೈ ತೋರಿಸಿದ. ಹೀರೋ ಹೋದವನು ಮತ್ತೆ ಬರಲಿಲ್ಲ.

ಅರ್ಧ ಗಂಟೆಯಲ್ಲಿ ಜನ ಬೆಂಚು ತಳ್ಳಿ ಏಳತೊಡಗಿದರು. ಬೈದರು, ಶಿಳ್ಳೆ ಹೊಡೆದರು, ನನಗೆ ಕೇಳಿಸುವ ಹಾಗೆ ಮಾತಾಡಿಕೊಂಡು ಹೋದರು. ಇಂಟರ್ವಲ್ ಹೊತ್ತಿಗೆ ಹಾಲಿನಲ್ಲಿ ನಾನು, ಚೆನ್ನಾಜಮ್ಮ, ಕೊನೆಯ ಸಾಲಿನಲ್ಲಿ ನಿದ್ದೆ ಹೋದ ಇನಾಯತ್ ಸಾಹೇಬರು, ಅಷ್ಟೇ ಜನ. ಚೆನ್ನಾಜಮ್ಮ ಎದುರಿನ ಬೆಂಚಿನಲ್ಲಿ, ಪರದೆಗೆ ಎಷ್ಟು ಹತ್ತಿರವಾಗುತ್ತದೋ ಅಷ್ಟು ಹತ್ತಿರ ಕೂತಿದ್ದರು. ಗುರುಮಲ್ಲಪ್ಪ ಬುತ್ತಿ ಬಿಚ್ಚಿ ಉಂಡ. ಉಂಡು, ಒಂದು ಲೋಟ ನೀರು ಕುಡಿದು, ಇನ್ನೊಂದು ಲೋಟ ಬಗ್ಗಿಸಿಕೊಂಡ. ಚೆನ್ನಾಜಮ್ಮ ತುಟಿ ಕಚ್ಚಿಕೊಂಡರು. ಊಟದ ಮೇಲೆ ಅವನು ಗೋಡೆಗೆ ಒರಗಿ ಬೀದಿಯನ್ನು ನೋಡುತ್ತ ಕೂತ. ಮುಖ ಪರದೆಯ ತುಂಬ ಇತ್ತು. ಹಣೆಯಲ್ಲಿ ಸಣ್ಣ ಗಾಯದ ಗುರುತು, ಎಡಗಿವಿಯ ಮೇಲೆ ಒಂದೆರಡು ನರೆ. ಸಿಟ್ಟಿಲ್ಲ, ನಗುವಿಲ್ಲ, ಏನೂ ಇಲ್ಲ. ಬಹಳ ಹೊತ್ತು ಹಾಗೇ ಕೂತಿದ್ದ. ಆಕೆಯೂ ಹಾಗೇ ಕೂತಿದ್ದರು. ನಾನು ಬರೆದ ಯಾವ ಅಕ್ಷರದಲ್ಲೂ ಯಾರನ್ನೂ ಅಷ್ಟು ಹೊತ್ತು ಯಾರೂ ನೋಡಿದ್ದಿಲ್ಲ. ನನಗೆ ಅಳು ಬಂತು, ಅತ್ತೆ.

ಈಗ ಟಾಕೀಸು ಇಲ್ಲ, ಅಲ್ಲಿ ಸಿಮೆಂಟು ಮೂಟೆ ಇಡುತ್ತಾರೆ. ಸಿನಿಮಾ ಹೊಳೆ ದಾಟಿ ಬರುವುದಿಲ್ಲ, ಗಾಳಿಯಲ್ಲಿ ಬರುತ್ತದೆ, ಹೆಸರೂ ಜೊತೆಗೇ ಬರುತ್ತದೆ. ಎಲ್ಲ ಹೆಸರೂ ಒಂದೇ ಒರಳಿನಲ್ಲಿ ಒತ್ತಿದ ಚಕ್ಕುಲಿ, ಯಾವುದು ನಗಿಸುವುದು, ಯಾವುದು ಕೊಲ್ಲುವುದು ಎಂದು ನನ್ನಂಥವನಿಗೂ ತಿಳಿಯುವುದಿಲ್ಲ. ಮೊಮ್ಮಕ್ಕಳು ಆ ಹೆಸರನ್ನೂ ಬೆರಳಿನಿಂದ ತಳ್ಳಿ ಮುಂದಕ್ಕೆ ಹೋಗುತ್ತವೆ. ಬೆಂಕಿಯ ಅಕ್ಷರಕ್ಕೆ ಬಿದ್ದ ಆ ಶಿಳ್ಳೆ ಈಗಲೂ ಕಿವಿಯಲ್ಲಿದೆ, ಇಲ್ಲವೆನ್ನುವುದಿಲ್ಲ. ಆದರೆ ನೆನಪಾಗಿ ಮನಸ್ಸು ಕಲಕುವುದು ಖಾಲಿ ಹಾಲಿನ ಆ ಗುರುವಾರವೇ.

ಕೊನೆಯ ರೀಲಿನಲ್ಲಿ ಪರದೆಯ ಮೇಲೆ ಸಂಜೆಯಾಯಿತು. ಗುರುಮಲ್ಲಪ್ಪ ಪಂಪು ಒಳಗಿಟ್ಟ, ಕೈಗೆ ಮಣ್ಣು ಉಜ್ಜಿ ತೊಳೆದುಕೊಂಡ, ಬೀಗ ಹಾಕಿದ. ಹೆಗಲ ಮೇಲೆ ಟವೆಲು ಹಾಕಿಕೊಂಡು ರಸ್ತೆಯಲ್ಲಿ ನಡೆಯುತ್ತ ಚಿಕ್ಕವನಾಗುತ್ತ ಹೋದ. ಅವನು ಇನ್ನೂ ಕಾಣುತ್ತಿರುವಾಗಲೇ ಚೆನ್ನಾಜಮ್ಮ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಡದಡನೆ ಬಾಗಿಲ ಕಡೆ ಬಂದರು. ಪೂರ್ತಿ ಮುಗಿಯಲಿ, ಇನ್ನೂ ಸ್ವಲ್ಪ ಇದೆ ಎಂದೆ ನಾನು.

"ಅಯ್ಯೋ, ಹೊರಟ್ರಲ್ಲ ಆಚಾರ್ರೆ," ಎಂದರು ಆಕೆ, ನಿಲ್ಲದೆ. "ಬರೋ ಹೊತ್ತಾಯ್ತು, ಇನ್ನೂ ಎಸರಿಟ್ಟಿಲ್ಲ."

ಹೊರಗಿನ ಬಿಸಿಲಿಗೆ ಬಂದು, ಗೇಟು ದಾಟಿ, ನಾಲ್ಕು ಹೆಜ್ಜೆ ಹೋದವರು ನಿಂತುಬಿಟ್ಟರು. ಬೆನ್ನು ನನ್ನ ಕಡೆ ಇತ್ತು. ನಾನು ಗೇಟಿನ ಬಳಿಯೇ ನಿಂತೆ, ಕರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸೊಂಟದ ಸೆರಗು ಬಿಡಿಸಿ ಮುಖ ಒರೆಸಿಕೊಂಡರು. ಮತ್ತೆ ಅದನ್ನು ಅಲ್ಲೇ ಸಿಕ್ಕಿಸಿ, ಮೊದಲಿನಷ್ಟೇ ಅವಸರದಲ್ಲಿ ಮನೆಯ ಕಡೆ ನಡೆದರು.